ಗಂಧದ ಕೊರಡಿನ ಜಮಾ-ಖರ್ಚು

ನಮ್ಮ ಸಂಘದ ರಾಜ್ಯೋತ್ಸವ ಸಂಚಿಕೆಗೆ ಇತಿಹಾಸ ವಿಷಯಕವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಹಾಶಯರು ಅಪ್ಪಣೆ ಮಾಡಿದಾಗ ನನಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ನಾನು ಇತಿಹಾಸ ಓದಿದವನಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನ ಗುಮಾಸ್ತೆಗಿರಿಯಲ್ಲಿ ದಿನ ಕಳೆಯುವವನು. ಕದಂಬರು, ಚಾಲುಕ್ಯರು, ಹೊಯ್ಸಳರು ಇವರ ಕೀರ್ತಿಯನ್ನು ಕುರಿತು ಪ್ರತಿ ನವೆಂಬರಿನಲ್ಲಿಯೂ ನನಗಿಂತ ಬಲ್ಲವರು ಬರೆಯುತ್ತಲೇ ಇದ್ದಾರೆ. ಆದುದರಿಂದ ನಾನು ಶಾಸನಗಳ ತಂಟೆಗೆ ಹೋಗದೆ, ಪುಣೆಯ ಕನ್ನಡಿಗರ ಬಚ್ಚಲುಮನೆಗಳಲ್ಲಿ ಇಂದಿಗೂ ಕಾಣಸಿಗುವ ಒಂದು ಸಣ್ಣ ವಸ್ತುವಿನ ಇತಿಹಾಸವನ್ನು ಹೇಳುತ್ತೇನೆ. ಅದು ಮೈಸೂರು ಸ್ಯಾಂಡಲ್ ಸಾಬೂನು.

ಇದಕ್ಕೆ ಕಾರಣಳಾದವಳು ಐದನೆಯ ತರಗತಿಯಲ್ಲಿ ಓದುವ ನನ್ನ ಮಗಳು. ನಾವಿರುವುದು ಖರಾಡಿಯಲ್ಲಿ. ಪಕ್ಕದ ಬಡಾವಣೆಯ ಹೆಸರು ಚಂದನನಗರ. ಹೆಸರಿಗೆ ಚಂದನ, ಹುಡುಕಿದರೆ ಒಂದು ಗಂಧದ ಗಿಡವೂ ನನ್ನ ಕಣ್ಣಿಗೆ ಬಿದ್ದಿಲ್ಲ. ಒಂದು ಭಾನುವಾರ ಸ್ನಾನ ಮುಗಿಸಿ ಬಂದ ಮಗಳು, ಸವೆದು ನಾಣ್ಯದಷ್ಟಾಗಿದ್ದ ಸಾಬೂನಿನ ಚೂರನ್ನು ಅಂಗೈಯಲ್ಲಿ ಹಿಡಿದುಕೊಂಡು, "ಅಪ್ಪಾ, ಇದರ ಉಳಿದ ಭಾಗ ಎಲ್ಲಿ ಹೋಯಿತು?" ಎಂದು ಕೇಳಿದಳು. "ಕರಗಿಹೋಯಿತು" ಎಂದೆ. "ಕರಗಿ ಎಲ್ಲಿಗೆ ಹೋಯಿತು?" ಎಂದಳು. ಅವಳ ಪಾಠದಲ್ಲಿ ಭೌತ ಬದಲಾವಣೆ, ರಾಸಾಯನಿಕ ಬದಲಾವಣೆ ಎಂಬೆರಡು ಬಂದಿದ್ದವಂತೆ. ಯಾವ ಬದಲಾವಣೆಯಲ್ಲಿಯೂ ದ್ರವ್ಯದ ಒಟ್ಟು ತೂಕ ಹೆಚ್ಚು ಕಡಿಮೆಯಾಗದೆಂದು ಅವಳ ಗುರುಗಳು ಹೇಳಿದ್ದರಂತೆ. ಹಾಗಿದ್ದ ಮೇಲೆ ನೂರಿಪ್ಪತ್ತೈದು ಗ್ರಾಮಿನ ಸಾಬೂನು ಮೂರೇ ವಾರಗಳಲ್ಲಿ ಮಾಯವಾಗುವುದೆಂದರೇನು?

ದಿನವೂ ಸಂಜೆ ನಗದಿನ ಶಿಲ್ಕು ತಾಳೆಯಾಗುವವರೆಗೆ ಕೌಂಟರು ಬಿಟ್ಟೇಳಲಾಗದ ನನಗೆ ಈ ಪ್ರಶ್ನೆ ಬಹಳ ಹಿಡಿಸಿತು. ನಮ್ಮ ವೃತ್ತಿಯಲ್ಲಿ ಹಣ ಮಾಯವಾಯಿತೆಂಬ ಮಾತೇ ಇಲ್ಲ. ಒಂದು ಖಾತೆಯಿಂದ ಹೋದದ್ದು ಇನ್ನೊಂದು ಖಾತೆಗೆ ಬಂದಿರಲೇಬೇಕು. ಬಾರದಿದ್ದರೆ ತಪ್ಪು ಲೆಕ್ಕ ಬರೆದವನದು. ವ್ಯತ್ಯಾಸವು ಒಂಬತ್ತರಿಂದ ಭಾಗವಾಗುವಂತಿದ್ದರೆ ಯಾರೋ ಐವತ್ತನಾಲ್ಕನ್ನು ನಲವತ್ತೈದು ಎಂದು ತಿರುವು ಮುರುವು ಬರೆದಿದ್ದಾರೆಂದು ಹಳೆಯ ಗುಮಾಸ್ತರು ಕೂಡಲೇ ಹೇಳಿಬಿಡುತ್ತಿದ್ದರು. ಈಗ ಆ ಕೆಲಸವನ್ನು ಗಣಕಯಂತ್ರ ಮಾಡುತ್ತದೆ. ಆದರೆ ನಿಯಮ ಬದಲಾಗಿಲ್ಲ.

ಈ ನಿಯಮವನ್ನು ರಸಾಯನಶಾಸ್ತ್ರಕ್ಕೆ ತಂದವನೂ ಒಬ್ಬ ಲೆಕ್ಕದ ಮನುಷ್ಯನೇ ಎಂಬುದನ್ನು ತಿಳಿದಾಗ ನನಗಾದ ಹೆಮ್ಮೆಯನ್ನು ಓದುಗರು ಮನ್ನಿಸಬೇಕು. ಫ್ರಾನ್ಸಿನ ಆಂಟ್ವಾನ್ ಲವಾಸಿಯೇ ೧೭೪೩ರಲ್ಲಿ ಹುಟ್ಟಿದವನು. ಆತನ ಹೊಟ್ಟೆಪಾಡು ರಸಾಯನಶಾಸ್ತ್ರವಲ್ಲ. ರಾಜನ ಪರವಾಗಿ ಸುಂಕ ವಸೂಲು ಮಾಡುವ ಗುತ್ತಿಗೆದಾರರ ಮಂಡಳಿಯಲ್ಲಿ ೧೭೬೮ರಿಂದ ಪಾಲುಗಾರ. ೧೭೮೮ರಲ್ಲಿ ಪ್ಯಾರಿಸಿನ ಡಿಸ್ಕೌಂಟ್ ಬ್ಯಾಂಕಿನ ನಿರ್ದೇಶಕನೂ ಆದನು. ಹಗಲು ಸರ್ಕಾರದ ಲೆಕ್ಕ. ಬೆಳಗಿನ ಮತ್ತು ರಾತ್ರಿಯ ಕೆಲವು ಗಂಟೆ ಪ್ರಯೋಗಶಾಲೆ. ಆತನ ಹೆಂಡತಿ ಮಾರೀ ಆನ್ ಟಿಪ್ಪಣಿಗಳನ್ನು ಬರೆದುಕೊಳ್ಳುತ್ತಿದ್ದಳು, ಉಪಕರಣಗಳ ಚಿತ್ರ ಬಿಡಿಸುತ್ತಿದ್ದಳು, ಇಂಗ್ಲಿಷಿನ ಗ್ರಂಥಗಳನ್ನು ಗಂಡನಿಗಾಗಿ ಅನುವಾದಿಸುತ್ತಿದ್ದಳು.

ಆ ಕಾಲದ ಪಂಡಿತರಲ್ಲಿ ಒಂದು ನಂಬಿಕೆಯಿತ್ತು. ಉರಿಯುವ ಪ್ರತಿಯೊಂದು ವಸ್ತುವಿನಲ್ಲಿಯೂ ಫ್ಲಾಜಿಸ್ಟನ್ ಎಂಬ ದ್ರವ್ಯವಿದೆ. ಉರಿದಾಗ ಅದು ಹೊರಟುಹೋಗುತ್ತದೆ. ಆದುದರಿಂದಲೇ ಕಟ್ಟಿಗೆ ಸುಟ್ಟರೆ ಹಗುರವಾದ ಬೂದಿ ಮಾತ್ರ ಉಳಿಯುತ್ತದೆ. ಕೇಳಲು ಸರಿಯಾಗಿದೆ. ಆದರೆ ತವರವನ್ನೋ ಸೀಸವನ್ನೋ ಕಾಯಿಸಿ ಭಸ್ಮ ಮಾಡಿದರೆ ಆ ಭಸ್ಮವು ಮೊದಲಿನ ಲೋಹಕ್ಕಿಂತ ಹೆಚ್ಚು ತೂಗುತ್ತಿತ್ತು! ಒಳಗಿನದೇನೋ ಹೊರಟುಹೋದ ಮೇಲೆ ತೂಕ ಏರುವುದು ಹೇಗೆ? ಕೆಲವರು ಫ್ಲಾಜಿಸ್ಟನ್ನಿನ ತೂಕವೇ ಸೊನ್ನೆಗಿಂತ ಕಡಿಮೆ ಎಂದುಬಿಟ್ಟರು. ಲೆಕ್ಕ ಕೂಡದಿದ್ದಾಗ ವ್ಯತ್ಯಾಸವನ್ನು ಅನಾಮತು ಖಾತೆಗೆ ಹಾಕಿ ಮನೆಗೆ ಹೋಗುವ ಗುಮಾಸ್ತನನ್ನು ನಾವೆಲ್ಲ ಕಂಡಿದ್ದೇವೆ. ಫ್ಲಾಜಿಸ್ಟನ್ ಎಂಬುದು ಅಂಥ ಅನಾಮತು ಖಾತೆ.

ಲವಾಸಿಯೇ ಆ ಖಾತೆಯನ್ನು ಮುಚ್ಚಿಸಿದನು. ೧೭೭೪ರಲ್ಲಿ ಆತನು ತವರವನ್ನು ಗಾಜಿನ ಪಾತ್ರೆಯಲ್ಲಿಟ್ಟು, ಬಾಯನ್ನು ಬೆಸೆದು ಮುಚ್ಚಿ, ಎಲ್ಲವನ್ನೂ ತೂಗಿ, ಅನಂತರ ಕಾಯಿಸಿದನು. ತವರದ ಒಂದು ಭಾಗ ಭಸ್ಮವಾಯಿತು. ಮುಚ್ಚಿದಂತೆಯೇ ಮತ್ತೆ ತೂಗಿದಾಗ ತೂಕದಲ್ಲಿ ವ್ಯತ್ಯಾಸವಿರಲಿಲ್ಲ. ಬಾಯಿ ತೆರೆದೊಡನೆಯೇ ಸುಯ್ಯೆಂದು ಗಾಳಿ ಒಳನುಗ್ಗಿತು. ಆಗ ತೂಕ ಏರಿತು. ಅಂದರೆ ಪಾತ್ರೆಯೊಳಗಿನ ಗಾಳಿಯ ಒಂದಂಶ ಲೋಹದಲ್ಲಿ ಸೇರಿಹೋಗಿತ್ತು. ಆ ಅಂಶಕ್ಕೇ ಮುಂದೆ ಆತನು ಆಮ್ಲಜನಕವೆಂದು ಹೆಸರಿಟ್ಟನು. ರಷ್ಯದ ಲೊಮೊನೊಸೊವ್ ೧೭೫೬ರಲ್ಲಿಯೇ ಮುಚ್ಚಿದ ಪಾತ್ರೆಯಲ್ಲಿ ಇಂಥ ಪ್ರಯೋಗ ಮಾಡಿದ್ದನಾದರೂ ಅದು ಪಶ್ಚಿಮದವರ ಕಿವಿಗೆ ಅಷ್ಟಾಗಿ ಬೀಳಲಿಲ್ಲ. ಬದಲಾವಣೆಗೆ ಮೊದಲು ಎಷ್ಟು ದ್ರವ್ಯವಿತ್ತೋ ಅನಂತರವೂ ಅಷ್ಟೇ ಇರುತ್ತದೆಂಬ ಮಾತನ್ನು ಲವಾಸಿಯೇ ತನ್ನ ೧೭೮೯ರ ಗ್ರಂಥದಲ್ಲಿ ಬರೆದಿಟ್ಟನು. ಐದು ವರ್ಷಗಳಲ್ಲಿ, ೧೭೯೪ರ ಮೇ ೮ರಂದು, ಸುಂಕದ ಗುತ್ತಿಗೆದಾರನೆಂಬ ಅಪರಾಧಕ್ಕಾಗಿ ಕ್ರಾಂತಿಕಾರರು ಆತನ ತಲೆ ಕಡಿಸಿದರು. ಆತನ ಮಾವನ ತಲೆಯನ್ನೂ ಅದೇ ದಿನ. ಜನರಿಗೆ ಸುಂಕದವರ ಮೇಲಿನ ಸಿಟ್ಟು ಎಲ್ಲ ದೇಶಗಳಲ್ಲಿಯೂ ಒಂದೇ ಇರಬೇಕು.

ಇಷ್ಟು ಪೀಠಿಕೆ ಸಾಕು. ನಮ್ಮ ನಾಡಿಗೆ ಬರೋಣ.

ನಾನು ಸಾಗರ ಸೀಮೆಯವನು. ಸಾಗರ, ಸೊರಬದ ಗುಡಿಗಾರರ ಹೆಸರು ಕೇಳದವರಾರು? ಗಂಧದ ಕೊರಡಿನಲ್ಲಿ ಆನೆ, ಗಣಪತಿ, ಪೆಟ್ಟಿಗೆ, ಹಾರಗಳನ್ನು ಕೆತ್ತುವ ಕುಶಲಿಗಳು. ಅವರು ಕೆತ್ತುವಾಗ ಉದುರುವ ಚಕ್ಕೆಗಳನ್ನೂ ಪುಡಿಯನ್ನೂ ಜೋಪಾನವಾಗಿ ಗುಡಿಸಿ ಕೂಡಿಡುವುದನ್ನು ಬಾಲ್ಯದಲ್ಲಿ ನೋಡಿದ್ದೇನೆ. ಕೊರಡಿನ ತೂಕ ಒಂದು ಕಡೆ; ವಿಗ್ರಹದ ತೂಕ, ಚಕ್ಕೆಯ ತೂಕ, ಪುಡಿಯ ತೂಕ ಇನ್ನೊಂದು ಕಡೆ. ಇದು ಶುದ್ಧವಾದ ಭೌತ ಬದಲಾವಣೆ: ಆಕಾರ ಬದಲಾಯಿತು, ದ್ರವ್ಯ ಬದಲಾಗಲಿಲ್ಲ. ಮನೆಯಲ್ಲಿ ಅಜ್ಜಿ ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ ಗಂಧ ತೇಯುತ್ತಿದ್ದಳಷ್ಟೆ. ಅದೂ ಇದೇ ಜಾತಿಯದು.

ಇಲ್ಲಿ ಪಠ್ಯಪುಸ್ತಕದವರೊಡನೆ ನನ್ನದೊಂದು ಸಣ್ಣ ತಕರಾರಿದೆ. ಹಿಂದಿರುಗಿಸಬಹುದಾದುದು ಭೌತ ಬದಲಾವಣೆ, ಹಿಂದಿರುಗಿಸಲಾಗದುದು ರಾಸಾಯನಿಕ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. ತೇಯ್ದ ಗಂಧವನ್ನು ಮತ್ತೆ ಕೊರಡು ಮಾಡಿದವರುಂಟೇ? ಆದರೂ ಅದು ಭೌತ ಬದಲಾವಣೆಯೇ. ಇತ್ತ ಸಾಬೂನು ರಾಸಾಯನಿಕ ಬದಲಾವಣೆಯಿಂದಾದದ್ದು. ಅದರ ನೀರಿಗೆ ಆಮ್ಲ ಹಾಕಿದರೆ ಕೊಬ್ಬಿನ ಆಮ್ಲ ಮತ್ತೆ ಬೇರೆಯಾಗಿ ತೇಲುತ್ತದೆ. ಹಿಂದಿರುಗುವುದೋ ಇಲ್ಲವೋ ಎಂಬುದಲ್ಲ, ಹೊಸ ದ್ರವ್ಯ ಹುಟ್ಟಿತೋ ಇಲ್ಲವೋ ಎಂಬುದೇ ಕೇಳಬೇಕಾದ ಪ್ರಶ್ನೆ.

ಶ್ರೀಗಂಧವು ಟಿಪ್ಪು ಸುಲ್ತಾನನ ಕಾಲದಿಂದಲೂ ಮೈಸೂರಿನಲ್ಲಿ ರಾಜವೃಕ್ಷ. ಯಾರ ಹೊಲದಲ್ಲಿ ಬೆಳೆದರೂ ಮರ ಅರಸರದು. ಒಡೆಯರ ಕಾಲದಲ್ಲಿಯೂ ಅದೇ ಕಟ್ಟಳೆ ಮುಂದುವರಿಯಿತು. ಮರವನ್ನು ಬೇರುಸಹಿತ ಕಿತ್ತು, ಬಿಳಿಯ ಹೊರಮೈಯನ್ನು ಹೆರೆದು ತೆಗೆದು, ಒಳಗಿನ ಚೇಗನ್ನು ದರ್ಜೆಗಳಾಗಿ ವಿಂಗಡಿಸಿ, ಸರ್ಕಾರಿ ಕೋಠಿಗಳಲ್ಲಿ ಹರಾಜು ಹಾಕುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಮರದ ದೊಡ್ಡ ಪಾಲು ಹಡಗೇರಿ ಯೂರೋಪಿಗೆ, ಅದರಲ್ಲಿಯೂ ಜರ್ಮನಿಗೆ ಹೋಗುತ್ತಿತ್ತು. ಅಲ್ಲಿನ ಕಾರ್ಖಾನೆಗಳು ಅದರಿಂದ ಎಣ್ಣೆ ಇಳಿಸಿ ಔಷಧಕ್ಕೂ ಸುಗಂಧದ್ರವ್ಯಗಳಿಗೂ ಮಾರುತ್ತಿದ್ದವು. ಮರ ನಮ್ಮದು, ಎಣ್ಣೆ ಅವರದು, ಲಾಭ ಯಾರದೆಂದು ಹೇಳಬೇಕಾಗಿಲ್ಲ.

೧೯೧೪ರಲ್ಲಿ ಮಹಾಯುದ್ಧ ಆರಂಭವಾಯಿತು. ಜರ್ಮನಿ ಶತ್ರುರಾಷ್ಟ್ರ, ಹಡಗು ನಿಂತಿತು, ಕೋಠಿಗಳಲ್ಲಿ ಗಂಧದ ಕೊರಡುಗಳು ರಾಶಿ ಬಿದ್ದವು. ಸಂಸ್ಥಾನದ ಬೊಕ್ಕಸಕ್ಕೆ ಗಂಧದ ಹುಟ್ಟುವಳಿ ಸಣ್ಣದಾಗಿರಲಿಲ್ಲ. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು. ೧೯೧೨ರಿಂದ ೧೯೧೮ರವರೆಗೆ ದಿವಾನಗಿರಿ ಮಾಡಿದ ವಿಶ್ವೇಶ್ವರಯ್ಯನವರು ದಿವಾನರು. ನಮ್ಮ ಸಭೆಗಳ ಭಾಷಣಗಳಲ್ಲಿ ಇಲ್ಲಿಂದ ಮುಂದೆ ಕಥೆ ಒಂದೇ ವಾಕ್ಯದಲ್ಲಿ ಮುಗಿದುಬಿಡುತ್ತದೆ: "ವಿಶ್ವೇಶ್ವರಯ್ಯನವರು ಸಾಬೂನು ಕಾರ್ಖಾನೆ ಕಟ್ಟಿಸಿದರು." ದಿವಾನರ ಮೇಲಿನ ಗೌರವ ನನಗೂ ಕಡಿಮೆಯಿಲ್ಲ. ಆದರೆ ಈ ಲೆಕ್ಕದಲ್ಲಿ ಇನ್ನೂ ಕೆಲವರ ಹೆಸರಿಗೆ ಜಮಾ ಆಗಬೇಕಾದುದಿದೆ.

ಮೈಸೂರಿನ ಕೈಗಾರಿಕಾ ಇಲಾಖೆಯ ಡೈರೆಕ್ಟರಾಗಿದ್ದ ಆಲ್ಫ್ರೆಡ್ ಚಾಟರ್ಟನ್ ಎಂಬ ಆಂಗ್ಲ ಅಧಿಕಾರಿ, ಎಣ್ಣೆಯನ್ನು ನಾವೇ ಏಕೆ ಇಳಿಸಬಾರದೆಂಬ ಪ್ರಶ್ನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಮುಂದಿಟ್ಟನು. ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಆ ಸಂಸ್ಥೆಯಲ್ಲಿ ಪಾಠ ಆರಂಭವಾದದ್ದೇ ೧೯೧೧ರಲ್ಲಿ. ಅಲ್ಲಿನ ಪ್ರೊಫೆಸರ್ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ತಮ್ಮ ಸಹಾಯಕರೊಡನೆ ಪ್ರಯೋಗ ನಡೆಸಿ ಉತ್ತಮ ದರ್ಜೆಯ ಎಣ್ಣೆಯನ್ನು ಇಳಿಸಿ ತೋರಿಸಿದರು. ೧೯೧೬ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ತಲೆಯೆತ್ತಿದವು. ನಮ್ಮ ಶಿವಮೊಗ್ಗೆಯ ಕಾರ್ಖಾನೆ ಬಂದದ್ದು ೧೯೪೪ರಲ್ಲಿ.

ಎಣ್ಣೆ ಇಳಿಸುವ ಕ್ರಮ ಸ್ವಾರಸ್ಯವಾದುದು. ಗಂಧದೆಣ್ಣೆಯ ಮುಖ್ಯಾಂಶ ಸ್ಯಾಂಟಲಾಲ್ ಎಂಬ ದ್ರವ್ಯ. ಅದು ತಾನೇ ಕುದಿಯಬೇಕಾದರೆ ಮುನ್ನೂರು ಡಿಗ್ರಿಗೂ ಹೆಚ್ಚಿನ ಶಾಖ ಬೇಕು. ಅಷ್ಟು ಕಾಯಿಸಿದರೆ ಮರವೂ ಸುಡುತ್ತದೆ, ಎಣ್ಣೆಯೂ ಕೆಡುತ್ತದೆ. ಆದರೆ ಮರದ ಪುಡಿಯೊಳಗೆ ನೀರಿನ ಹಬೆಯನ್ನು ಹಾಯಿಸಿದರೆ, ನೂರು ಡಿಗ್ರಿಯ ಆಸುಪಾಸಿನಲ್ಲಿಯೇ ಎಣ್ಣೆಯ ಆವಿ ಸ್ವಲ್ಪ ಸ್ವಲ್ಪವಾಗಿ ಹಬೆಯೊಡನೆ ಹೊರಟುಬರುತ್ತದೆ. ಎರಡು ಆವಿಗಳ ಒತ್ತಡ ಕೂಡಿಕೊಂಡು ಕೆಲಸ ಮಾಡುವುದೇ ಇದರ ಗುಟ್ಟು. ತಣಿಸಿದ ಮೇಲೆ ನೀರು ಕೆಳಗೆ, ಅದಕ್ಕಿಂತ ಕೊಂಚ ಹಗುರವಾದ ಎಣ್ಣೆ ಮೇಲೆ. ಅವಸರ ಮಾಡುವಂತಿಲ್ಲ, ಭಟ್ಟಿ ದಿನಗಟ್ಟಲೆ ನಡೆಯಬೇಕು. ನೂರು ಕಿಲೋ ಒಳ್ಳೆಯ ಚೇಗಿನಿಂದ ನಾಲ್ಕೈದು ಕಿಲೋ ಎಣ್ಣೆ; ಬೇರಿನಲ್ಲಿ ಇನ್ನೂ ಹೆಚ್ಚು. ಮರವನ್ನು ಕಡಿಯದೆ ಕೀಳುವುದೇಕೆಂಬುದಕ್ಕೆ ಇದೇ ಉತ್ತರ.

ಇಷ್ಟೆಲ್ಲ ಯಂತ್ರ, ಬೆಂಕಿ, ಹಬೆಗಳಿದ್ದರೂ ಇದು ಭೌತ ಬದಲಾವಣೆಯೇ. ಎಣ್ಣೆ ಕಾರ್ಖಾನೆಯಲ್ಲಿ ಹುಟ್ಟಲಿಲ್ಲ. ಮರದಲ್ಲಿ ಮೊದಲೇ ಇದ್ದುದು ಬೇರೆಯಾಯಿತು, ಅಷ್ಟೆ. ನಿಜವಾದ ರಾಸಾಯನಿಕ ಕೆಲಸವನ್ನು ಮರವೇ ಮೂವತ್ತು ನಲವತ್ತು ವರ್ಷ ಮೌನವಾಗಿ ನಿಂತು ಮಾಡಿ ಮುಗಿಸಿತ್ತು. ಉಳಿದ ತೊಂಬತ್ತೈದು ಕಿಲೋ ಎಲ್ಲಿ ಹೋಯಿತೆಂದರೆ, ಎಣ್ಣೆ ತೆಗೆದ ಪುಡಿಯಾಗಿ ಊದುಬತ್ತಿಯವರ ಅಂಗಳಕ್ಕೆ.

ಇನ್ನು ಸಾಬೂನು. ೧೯೧೮ರಲ್ಲಿ ಮಹಾರಾಜರಿಗೆ ಪರದೇಶದ ಅತಿಥಿಗಳು ಗಂಧದೆಣ್ಣೆ ಹಾಕಿ ಮಾಡಿದ ಸಾಬೂನನ್ನು ಕಾಣಿಕೆಯಾಗಿ ಕೊಟ್ಟರೆಂದೂ, ನಮ್ಮ ಎಣ್ಣೆಯಿಂದ ನಾವೇ ಇದನ್ನು ಏಕೆ ಮಾಡಬಾರದೆಂದು ಅವರಿಗೆ ಹೊಳೆಯಿತೆಂದೂ ಹೇಳುವುದುಂಟು. ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ತರುಣ ರಸಾಯನಶಾಸ್ತ್ರಜ್ಞರನ್ನು ಸಂಸ್ಥಾನವು ಇಂಗ್ಲೆಂಡಿಗೆ ಕಳುಹಿಸಿ ಸಾಬೂನಿನ ವಿದ್ಯೆ ಕಲಿಸಿತು. ಮುಂದೆ ಜನ ಅವರನ್ನು ಸೋಪ್ ಶಾಸ್ತ್ರಿಗಳೆಂದೇ ಕರೆದರು. ನಮ್ಮ ಸಾಬೂನಿಗೆ ಅದರ ಪರಿಮಳವನ್ನು ಕೂಡಿಸಿಕೊಟ್ಟವರು ಅವರು. ಸಿಂಹದ ಮೈಗೆ ಆನೆಯ ತಲೆಯುಳ್ಳ ಶರಭದ ಮುದ್ರೆ ಅಂದಿನಿಂದ ಇಂದಿನವರೆಗೂ ನಡೆದುಬಂದಿದೆ. ಕಾರ್ಖಾನೆಯು ೧೯೫೭ರಲ್ಲಿ ಯಶವಂತಪುರದ ಕಡೆಗೆ ಹೋಯಿತು. ೧೯೮೦ರಲ್ಲಿ ಎಣ್ಣೆಯ ಕಾರ್ಖಾನೆಗಳೂ ಕೂಡಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವಾಯಿತು. ಅದೇ ೧೯೧೮ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ "ವಿಜ್ಞಾನ" ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಸಾಬೂನು ನೂರು ವರ್ಷ ದಾಟಿತು. ಪತ್ರಿಕೆ ಎರಡು ವರ್ಷಗಳಲ್ಲಿ ನಿಂತಿತು. ಕನ್ನಡಿಗರು ಯಾವುದನ್ನು ಹೆಚ್ಚು ಕೊಂಡರೆಂದು ಇದರಿಂದ ಊಹಿಸಬಹುದು.

ಗಂಧದೆಣ್ಣೆಯಿಂದಲೇ ಸಾಬೂನಾಗುತ್ತದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಸಾಬೂನಾಗುವುದು ಕೊಬ್ಬಿನ ಜಾತಿಯ ಎಣ್ಣೆ. ಗಂಧದೆಣ್ಣೆ ಅದಕ್ಕೆ ಪರಿಮಳವಾಗಿ ಸೇರುವುದು ಮಾತ್ರ. ಕೊಬ್ಬಿಗೆ ಕಾಸ್ಟಿಕ್ ಸೋಡ ಬೆರೆಸಿ ಕಾಯಿಸಿದರೆ ಕೊಬ್ಬೂ ಉಳಿಯುವುದಿಲ್ಲ, ಮುಟ್ಟಿದರೆ ಕೈ ಸುಡುವ ಸೋಡವೂ ಉಳಿಯುವುದಿಲ್ಲ; ಸಾಬೂನು ಮತ್ತು ಗ್ಲಿಸರಿನ್ ಎಂಬ ಎರಡು ಹೊಸ ದ್ರವ್ಯಗಳು ಹುಟ್ಟುತ್ತವೆ. ಇದು ರಾಸಾಯನಿಕ ಬದಲಾವಣೆ. ಟ್ರೈಸ್ಟಿಯರಿನ್ ಎಂಬ ಶುದ್ಧವಾದ ಕೊಬ್ಬನ್ನು ತೆಗೆದುಕೊಂಡರೆ ಲೆಕ್ಕ ಹೀಗೆ ಬರುತ್ತದೆ. ಎಡಗಡೆ: ಕೊಬ್ಬು ೮೯೦ ಗ್ರಾಂ, ಸೋಡ ೧೨೦ ಗ್ರಾಂ. ಬಲಗಡೆ: ಸಾಬೂನು ೯೧೮ ಗ್ರಾಂ, ಗ್ಲಿಸರಿನ್ ೯೨ ಗ್ರಾಂ. ಎರಡೂ ಕಡೆ ಒಟ್ಟು ೧೦೧೦. ಈ ಅಂಕಿಗಳನ್ನು ಮೊದಲ ಸಲ ಕೂಡಿದಾಗ ತಾಳೆಪಟ್ಟಿ ಸರಿಹೋದ ಸಂಜೆಯ ಸಮಾಧಾನವೇ ನನಗಾಯಿತು. ಪರೀಕ್ಷಕರೂ ಬಂದುಹೋಗಿದ್ದಾರೆ: ಹಾನ್ಸ್ ಲ್ಯಾಂಡೋಲ್ಟ್ ಎಂಬ ರಸಾಯನಶಾಸ್ತ್ರಜ್ಞನು ೧೮೯೩ರಿಂದ ಹದಿನೈದು ವರ್ಷ ಕಾಲ, ಮುಚ್ಚಿದ ಗಾಜಿನ ಕೊಳವೆಗಳಲ್ಲಿ ಬಗೆಬಗೆಯ ರಾಸಾಯನಿಕ ಕ್ರಿಯೆಗಳನ್ನು ನಡೆಸಿ ತೂಗುತ್ತಲೇ ಇದ್ದು, ತನ್ನ ತಕ್ಕಡಿಗೆ ಸಿಕ್ಕುವಂಥ ವ್ಯತ್ಯಾಸವೇನೂ ಇಲ್ಲವೆಂದು ವರದಿ ಕೊಟ್ಟನು. ದ್ರವ್ಯವೂ ಶಕ್ತಿಯೂ ಒಂದಕ್ಕೊಂದು ಮಾರ್ಪಡುತ್ತವೆಂದು ಐನ್‌ಸ್ಟೈನ್ ೧೯೦೫ರಲ್ಲಿ ತೋರಿಸಿದನಾದರೂ ಸಾಬೂನಿನ ಕಡಾಯಿಯಲ್ಲಿ ಆ ವ್ಯತ್ಯಾಸ ಯಾವ ತಕ್ಕಡಿಗೂ ನಿಲುಕದಷ್ಟು ಅಲ್ಪ.

ಸಾಬೂನು ಕೊಳೆ ತೆಗೆಯುವುದು ಹೇಗೆಂಬುದಕ್ಕೂ ನಮ್ಮ ಈ ಪುಣೆಗೂ ಒಂದು ನಂಟಿದೆ. ಪಾಷಾಣ ರಸ್ತೆಯಲ್ಲಿರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವನ್ನು ನೆಹರೂರವರು ೧೯೫೦ರ ಜನವರಿ ೩ರಂದು ಉದ್ಘಾಟಿಸಿದರು. ಅದರ ಮೊದಲ ನಿರ್ದೇಶಕ ಜೇಮ್ಸ್ ವಿಲಿಯಂ ಮೆಕ್‌ಬೇನ್ ಎಂಬವರು ಜೀವಮಾನವೆಲ್ಲ ಸಾಬೂನಿನ ನೀರನ್ನೇ ಪರೀಕ್ಷಿಸಿದವರು. ಸಾಬೂನಿನ ಒಂದೊಂದು ಅಣುವಿಗೂ ನೀರನ್ನು ಬಯಸುವ ತಲೆಯೊಂದು, ಜಿಡ್ಡನ್ನು ಬಯಸುವ ಬಾಲವೊಂದು. ನೀರಿನಲ್ಲಿ ಅವು ಬಾಲಗಳನ್ನು ಒಳಗಿಟ್ಟು ತಲೆಗಳನ್ನು ಹೊರಗಿಟ್ಟು ಗುಂಪು ಕಟ್ಟುತ್ತವೆ. ಮೈಯ ಜಿಡ್ಡು ಆ ಗುಂಪಿನ ನಡುವೆ ಸಿಕ್ಕಿಕೊಂಡು ನೀರಿನೊಡನೆ ಹೋಗುತ್ತದೆ. ಈ ಗುಂಪಿಗೆ ಮೈಸೆಲ್ ಎಂದು ಹೆಸರು. ಸಾಬೂನಿನ ನೀರಿನಲ್ಲಿ ಅವು ಇವೆಯೆಂದು ೧೯೧೩ರ ಸುಮಾರಿನಲ್ಲಿ ಪ್ರತಿಪಾದಿಸಿದವರು ಈ ಮೆಕ್‌ಬೇನರೇ. ಇಲ್ಲಿ ಹೊಸ ದ್ರವ್ಯ ಹುಟ್ಟುವುದಿಲ್ಲವಾದ ಕಾರಣ ಇದು ಭೌತ ಬದಲಾವಣೆ.

ಆದರೆ ಇದು ಮೆತು ನೀರಿನ ಮಾತು. ಖರಾಡಿಯಲ್ಲಿ ಮನೆ ಮಾಡಿದವರಿಗೆ ಟ್ಯಾಂಕರಿನ ನೀರಿನ ಪರಿಚಯ ಹೇಳಿಕೊಡಬೇಕಾಗಿಲ್ಲ. ಊರಿನ ಬಾವಿಯ ನೀರಿನಲ್ಲಿ ಒಂದು ಸಲ ಉಜ್ಜಿದರೆ ಕೈತುಂಬ ನೊರೆ; ಇಲ್ಲಿ ಹತ್ತು ಸಲ ಉಜ್ಜಿದರೂ ನೊರೆಯ ಬದಲು ಮೊಸರಿನಂಥ ಬಿಳಿಯ ಗಷ್ಟು. ನಮ್ಮಾಕೆ ಮೊದಲ ವರ್ಷ ಸಾಬೂನೇ ಕಲಬೆರಕೆಯೆಂದು ಅಂಗಡಿಯವನೊಡನೆ ಜಗಳಕ್ಕೆ ನಿಂತಿದ್ದಳು. ಅಂಗಡಿಯವನ ತಪ್ಪೇನೂ ಇರಲಿಲ್ಲ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಸಾಬೂನಿನ ಸೋಡಿಯಮ್ಮನ್ನು ಹೊರದೂಡಿ ತಾನು ಆ ಜಾಗದಲ್ಲಿ ಕೂರುತ್ತದೆ. ಹಾಗೆ ಹುಟ್ಟಿದ ಹೊಸ ದ್ರವ್ಯ ನೀರಿನಲ್ಲಿ ಕರಗದು, ನೊರೆಗಟ್ಟದು; ಬಕೆಟ್ಟಿನ ಅಂಚಿಗೂ ನೆಲದ ಹಾಸಿಗೂ ಮೆತ್ತಿಕೊಂಡು ಕೂರುತ್ತದೆ. ಕಾರ್ಖಾನೆಯಲ್ಲಿ ನಡೆದಂಥದೇ ಒಂದು ರಾಸಾಯನಿಕ ಬದಲಾವಣೆ ದಿನವೂ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಬಚ್ಚಲಿನಲ್ಲಿಯೂ ನಡೆಯುತ್ತದೆ; ಅದರ ಖರ್ಚು ನಮ್ಮ ಖಾತೆಗೆ.

ದೇವರ ಮುಂದಿನ ಊದುಬತ್ತಿಯ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಮಗಳು ಅದನ್ನೂ ಕೇಳಿದಳು. ಬತ್ತಿ ಉರಿದು ಮುಗಿದ ಮೇಲೆ ಚಿಟಿಕೆ ಬೂದಿ. ಉಳಿದದ್ದು ಹೊಗೆಯೆಂದೂ ಆವಿಯೆಂದೂ ಮನೆಯ ಗಾಳಿಯಲ್ಲಿ ಸೇರಿತು. ಸ್ವಾರಸ್ಯವೇನೆಂದರೆ, ೧೨ ಗ್ರಾಂ ಇಂಗಾಲ ಪೂರ್ತಿಯಾಗಿ ಉರಿಯಬೇಕಾದರೆ ಗಾಳಿಯಿಂದ ೩೨ ಗ್ರಾಂ ಆಮ್ಲಜನಕವನ್ನು ಸಾಲ ತೆಗೆದುಕೊಂಡು ೪೪ ಗ್ರಾಂ ಅನಿಲವಾಗುತ್ತದೆ. ಹೊರಟುಹೋದದ್ದು ನಾವು ಹಚ್ಚಿದ್ದಕ್ಕಿಂತ ಭಾರ! ಫ್ಲಾಜಿಸ್ಟನ್ನಿನ ಪಂಡಿತರು ಎಡವಿದ್ದು ಗಾಳಿಯನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದರಿಂದಲೇ.

ಇಷ್ಟರಮಟ್ಟಿಗೆ ಎಲ್ಲ ಖಾತೆಗಳೂ ತಾಳೆಯಾದವು. ಆದರೆ ನನ್ನ ಅಜ್ಜನ ಖಾತೆಯೊಂದಿದೆ. ಅದನ್ನು ಬರೆಯದೆ ಹೋದರೆ ಈ ಲೇಖನ ಅಪ್ರಾಮಾಣಿಕವಾದೀತು.

ನಮ್ಮ ಮನೆಯ ಹಿತ್ತಲಿನ ಬೇಲಿಯಲ್ಲಿ ಒಂದು ಗಂಧದ ಮರವಿತ್ತು. ಯಾರೂ ನೆಟ್ಟದ್ದಲ್ಲ, ಗಂಧದ ಹಣ್ಣು ತಿಂದ ಹಕ್ಕಿಗಳು ಬೀಜ ಹಾಕಿ ಹೋಗುತ್ತವೆ, ಬೇಲಿಯ ಬೇರೆ ಗಿಡಗಳ ಬೇರಿನಿಂದ ರಸ ಹೀರಿಕೊಂಡು ಅದು ತಾನಾಗಿಯೇ ಬೆಳೆಯುತ್ತದೆ. ಮರ ಸರ್ಕಾರದ್ದು, ಕಾಯುವ ಹೊಣೆ ನಮ್ಮದು. ನಾನು ಹತ್ತು ವರ್ಷದವನಿದ್ದಾಗ, ತೊಂಬತ್ತರ ದಶಕದ ಕೊನೆಯಲ್ಲಿ, ಒಂದು ಮಳೆಗಾಲದ ರಾತ್ರಿ ಕಳ್ಳರು ಆ ಮರವನ್ನು ಕೊಯ್ದುಕೊಂಡು ಹೋದರು. ಬೆಳಿಗ್ಗೆ ನೋಡಿದರೆ ಬುಡದಲ್ಲಿ ಗುಂಡಿ, ಸುತ್ತಲೂ ಬಿಳಿಯ ಚಕ್ಕೆಗಳು, ಹಿತ್ತಲೆಲ್ಲ ಪರಿಮಳ. ಕಳ್ಳರು ಸಿಗಲಿಲ್ಲ. ಎಪ್ಪತ್ತು ದಾಟಿದ ನಮ್ಮ ಅಜ್ಜ ಮಾತ್ರ ವಿಚಾರಣೆಗೆಂದು ತಿಂಗಳುಗಟ್ಟಲೆ ಅಲೆದರು. ಒಂದು ದಿನ ಬೆಂಚಿನ ಮೇಲೆ ಕುಳಿತೇ ಸಂಜೆಯಾಯಿತಂತೆ. ಯಾರೂ ಅವರನ್ನು ಒಳಗೆ ಕರೆಯಲಿಲ್ಲ.

ಆ ಮಳೆಗಾಲ ಮುಗಿದ ಮೇಲೆ ಅಜ್ಜ ಒಂದು ಕೆಲಸ ಮಾಡಿದರು. ಬೇಲಿಯುದ್ದಕ್ಕೂ ನಡೆದು, ಗೇಣುದ್ದ ಎದ್ದಿದ್ದ ಗಂಧದ ಸಸಿಗಳನ್ನೆಲ್ಲ ಒಂದೊಂದಾಗಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರು. ಎಲೆಯ ಗುರುತು ಹಿಡಿಯಲು ನನ್ನ ಕಣ್ಣು ಚುರುಕಾಗಿತ್ತಾದುದರಿಂದ ಹುಡುಕಿಕೊಟ್ಟವನು ನಾನೇ. ಅದು ಆಟವೆಂದೇ ನನಗನಿಸಿತ್ತು. ಇಪ್ಪತ್ತಮೂರು ಸಸಿಗಳನ್ನು ಎಣಿಸಿದ ನೆನಪಿದೆ. ಅಜ್ಜನಿಗೆ ಗಂಧದ ಮೇಲೆ ದ್ವೇಷವಿರಲಿಲ್ಲ. ಅವರ ಬೆಳಗಿನ ಪೂಜೆಗೆ ತೇಯ್ದ ಗಂಧ ಬೇಕೇ ಬೇಕಾಗಿತ್ತು. ಆದರೆ ಮತ್ತೊಮ್ಮೆ ಆ ಬೆಂಚಿನ ಮೇಲೆ ಕೂರುವ ಶಕ್ತಿ ಅವರಲ್ಲಿರಲಿಲ್ಲ. ನಮ್ಮ ಸೀಮೆಯಲ್ಲಿ ಹೀಗೆ ಮಾಡಿದವರು ಅವರೊಬ್ಬರೇ ಅಲ್ಲ.

ರೈತನ ಹೊಲದಲ್ಲಿ ಬೆಳೆದ ಗಂಧ ರೈತನದೇ ಎಂದು ಕರ್ನಾಟಕ ಸರ್ಕಾರ ಕಾನೂನು ತಿದ್ದಿದ್ದು ೨೦೦೧ರಲ್ಲಿ. ಅಷ್ಟರೊಳಗೆ ಕಳ್ಳರು ಒಂದು ಕಡೆ, ೧೮೯೯ರಲ್ಲಿ ಕೊಡಗಿನಲ್ಲಿ ಮೊದಲು ಕಾಣಿಸಿಕೊಂಡ ಕದಿರುರೋಗ ಇನ್ನೊಂದು ಕಡೆ, ಅಜ್ಜನಂಥವರ ಭಯ ಮತ್ತೊಂದು ಕಡೆ, ಮರಗಳು ವಿರಳವಾಗಿದ್ದವು. ೧೯೯೮ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವು ಶ್ರೀಗಂಧವನ್ನು ಅಪಾಯಕ್ಕೆ ಗುರಿಯಾದ ಸಸ್ಯಗಳ ಪಟ್ಟಿಗೆ ಸೇರಿಸಿತು. ಲವಾಸಿಯೇಯ ನಿಯಮದ ಪ್ರಕಾರ ಅಜ್ಜ ಕಿತ್ತ ಸಸಿಗಳ ಒಂದು ಅಣುವೂ ಲೋಕದಿಂದ ಕಳೆದುಹೋಗಿಲ್ಲ. ಗೊಬ್ಬರವಾಗಿ ಗದ್ದೆಗೆ ಹೋಗಿ ಭತ್ತವಾಗಿರಬೇಕು, ಅದನ್ನು ನಾವೇ ಉಂಡಿರಬೇಕು. ತೂಕದ ತಕ್ಕಡಿಗೆ ಅಷ್ಟು ಸಾಕು. ಇಪ್ಪತ್ತಮೂರು ಮರಗಳು ಬದುಕಿದ್ದರೆ ಇಂದಿಗೆ ಅವುಗಳ ಚೇಗು ಬಲಿಯುತ್ತಿತ್ತೆಂಬುದನ್ನು ಬರೆಯಲು ಆ ತಕ್ಕಡಿಯಲ್ಲಿ ಕಲಮೇ ಇಲ್ಲ. ಇದನ್ನು ಮಗಳಿಗೆ ಹೇಳಿದಾಗ ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ನೀವು ಹುಡುಕಿಕೊಡಬಾರದಿತ್ತು ಅಪ್ಪಾ" ಎಂದಳು.

ಅವಳ ಮೊದಲ ಪ್ರಶ್ನೆಗೆ ಉತ್ತರ ಇನ್ನೂ ಬಾಕಿಯಿತ್ತಷ್ಟೆ. ಹೊಸ ಸಾಬೂನನ್ನು ಬಿಚ್ಚಿದ ದಿನದಿಂದ ಅಡಿಗೆಮನೆಯ ತಕ್ಕಡಿಯಲ್ಲಿ ಪ್ರತಿ ಭಾನುವಾರ ತೂಗಿ ಬರೆದಿಡುವುದೆಂದು ಗೊತ್ತುಮಾಡಿದೆವು. ನನ್ನ ಹಳೆಯ ಡೈರಿಯೊಂದರಲ್ಲಿ ಅವಳೇ ಗೆರೆ ಎಳೆದು ಎರಡು ಕಲಂ ಮಾಡಿದಳು. ಒದ್ದೆ ಸಾಬೂನು ತೂಗಿದ್ದರಿಂದ ಮೊದಲ ವಾರದ ಲೆಕ್ಕ ಕೆಟ್ಟಿತು. ಅನಂತರ ಒಣಗಿಸಿ ತೂಗಿದೆವು. ಖರ್ಚಿನ ಕಲಮಿನಲ್ಲಿ ಗ್ರಾಮುಗಳನ್ನು ಬರೆದು, ಜಮಾ ಯಾರ ಹೆಸರಿಗೆಂದು ಅವಳು ಕೇಳಿದಳು. ನಾನು ಭೂಪಟ ತೆಗೆದೆ. ನಮ್ಮ ಬಚ್ಚಲಿನ ನೀರು ಮೋರಿಗೆ. ಮೋರಿಯ ನೀರು, ಶುದ್ಧಿಯಾಗಿಯೋ ಆಗದೆಯೋ, ಖರಾಡಿಯ ಅಂಚಿನಲ್ಲಿ ಹರಿಯುವ ಮುಳಾ-ಮುಠಾ ನದಿಗೆ. ಮುಳಾ-ಮುಠಾ ದೌಂಡ ತಾಲೂಕಿನಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಅಣೆಕಟ್ಟಿನಲ್ಲಿ ತಂಗಿ, ಪಂಢರಪುರವನ್ನು ಬಳಸಿ, ವಿಜಯಪುರ, ಕಲಬುರಗಿ ಜಿಲ್ಲೆಗಳ ಮೂಲಕ ಹಾದು ರಾಯಚೂರಿನ ಬಳಿ ಕೃಷ್ಣೆಗೆ ಕೂಡುತ್ತದೆ.

ಅವಳು ಬೆರಳಿಟ್ಟು ಆ ಗೆರೆಯನ್ನು ಕೊನೆಯವರೆಗೂ ಅನುಸರಿಸಿದಳು. "ಹಾಗಾದರೆ ಸಾಬೂನು ಮತ್ತೆ ಕರ್ನಾಟಕಕ್ಕ ಹೋಯಿತೇ?" ಎಂದು ಮೊದಲು ನಕ್ಕಳು. ಸ್ವಲ್ಪ ತಡೆದು, "ಅಲ್ಲಿಯವರು ಆ ನೀರು ಕುಡಿಯುತ್ತಾರೆಯೇ ಅಪ್ಪಾ?" ಎಂದಳು. ಕುಡಿಯುತ್ತಾರೆಂದೆ. ಅವಳು ಜಮಾ ಕಲಮಿನಲ್ಲಿ "ಭೀಮಾ ನದಿ" ಎಂದು ಬರೆದು, ಎದುರಿಗೆ ಆ ವಾರದ ತೂಕವನ್ನು ಹಾಕಿದಳು: ೩೧ ಗ್ರಾಂ.